ಗಡಿ ದಾಟಿದ ಚುಕ್ಕಿ ಕೋಳಿ

ಮೊಮ್ಮಗಳು ತನ್ನ ಕೂಸಿನ ನೆಗಡಿಗೆಂದು ಅಜವಾನ, ಬೆಳ್ಳುಳ್ಳಿ ಹುರಿಯುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ಮಗ್ಗುಲ ಮನೆಯ ಸಣ್ಣ ಮಾವನ ನೆನಪಾಗಿ ನನ್ನ ಬಾಯಿ ಕಹಿಯಾಯಿತು.

ಅವರು ನನ್ನ ಗಂಡನ ಕಾಕಾ. ತೀರಿಹೋಗಿ ಬಹಳ ವರ್ಷವಾದರೂ ‘ಅವರು’ ಎಂದೇ ಬರೆಯುತ್ತಿದ್ದೇನೆ. ಅದು ಗೌರವವಲ್ಲ, ಸೊಸೆಯಾಗಿ ಬಂದವಳ ರೂಢಿ. ಗಡಿಯ ಸುಂಕದ ನಾಕಾದ ಜವಾನ ಎದುರಾದರೆ ಧೋತರದ ಚುಂಗು ಹಿಡಿದು ಸೊಂಟ ಮುರಿಯುವಷ್ಟು ಬಗ್ಗುವ ಮನುಷ್ಯ. ಮನೆಯ ಹೆಂಗಸರ ಮುಂದೆ ಮಾತ್ರ ಹುಲಿ.

ನಾನು ಯಡ್ರಾಮಿಯಿಂದ ಕಿಣ್ಣಿ ಸುಲ್ತಾನಕ್ಕೆ ಮದುವೆಯಾಗಿ ಬಂದದ್ದು ನಲವತ್ತೇಳನೇ ಇಸವಿಯಲ್ಲಿ. ಬಂಗಾರ ಹಾಕುವ ಶಕ್ತಿ ಅವ್ವನಿಗಿರಲಿಲ್ಲ. ಗಾಡಿ ಹತ್ತುವಾಗ ಒಂದು ಚುಕ್ಕಿ ಕೋಳಿಯನ್ನು ನನ್ನ ಮಡಿಲಲ್ಲಿಟ್ಟಳು. ಆ ದೊಡ್ಡ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಮರುವರ್ಷದ ಬೇಸಿಗೆಯಲ್ಲಿ ಅದು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು. ಕಣ್ಣು ಮುಚ್ಚಿ ತೂಕಡಿಸುತ್ತಿತ್ತು, ಕಾಳು ಮುಟ್ಟುತ್ತಿರಲಿಲ್ಲ. ಹಿತ್ತಲಲ್ಲಿ ಬುಟ್ಟಿ ಬೋರಲು ಹಾಕಿ ಅದನ್ನು ಬೇರೆ ಇಟ್ಟೆ. ಅಜವಾನ, ಬೆಳ್ಳುಳ್ಳಿ, ಅರಿಷಿಣ ಅರೆದು, ಜೋಳದ ಹಿಟ್ಟಿನಲ್ಲಿ ಸಣ್ಣ ಗುಳಿಗೆ ಮಾಡಿ, ಕೊಕ್ಕು ಬಿಡಿಸಿ ನುಂಗಿಸಿದೆ. ಕಕ್ಕಿದರೆ ಮತ್ತೆ ನುಂಗಿಸಿದೆ. ಹೀಗೆ ಎಷ್ಟು ದಿನವೋ... ಒಂದು ಮುಂಜಾನೆ ಬುಟ್ಟಿ ಎತ್ತಿದರೆ ಕೆಳಗೆ ತತ್ತಿ ಇತ್ತು. ಕೋಳಿ ನನ್ನ ಅಂಗೈಯಲ್ಲಿದ್ದ ಜೋಳವನ್ನು ಕುಕ್ಕಿ ಕುಕ್ಕಿ ತಿಂದಿತು. ಖುಷಿಗೆ ನನಗೆ ಅಳುವೇ ಬಂತು.

ಅದೇ ದಿನ ಸಣ್ಣ ಮಾವ ಬಂದು ಅಂಗಳದಲ್ಲಿ ನಿಂತರು. ರೋಗ ಬಂದ ಕೋಳಿಗೆ ಕುಂಕುಮ ಹಚ್ಚಿ, ಮರಗಮ್ಮ ದೇವಿಯ ಹೆಸರಿನಲ್ಲಿ ಊರ ಗಡಿಯಾಚೆ ಬಿಟ್ಟು ಬರುವ ಪದ್ಧತಿ ನಮ್ಮಲ್ಲಿತ್ತು. ಕೋಳಿಯ ಸಂಗಡ ರೋಗವೂ ಹೋಗುತ್ತದೆ ಎಂಬ ನಂಬಿಕೆ.

“ಇದರ ರೋಗ ಓಣಿಗೆಲ್ಲಾ ಹಬ್ಬತದ. ಕೊಡ್ರಿ, ಗಡಿ ದಾಟಿಸಿ ಬರ್ತೇನಿ” ಅಂದರು.

ನಾನು ಬಾಗಿಲ ಹಿಂದಿನಿಂದ, “ಅತ್ತಿ, ಅದಕ್ಕ ಆರಾಮ ಆಗ್ಯಾದ್ರಿ. ಮುಂಜಾನಿ ತತ್ತಿ ಇಟ್ಟದ” ಅಂದೆ.

“ಸುಮ್ನಿರು ಬೇ. ಹಿರ್ಯಾರು ಬಂದು ನಿಂತಾರ” ಎಂದು ಅತ್ತೆ ಬುಟ್ಟಿ ಎತ್ತಿಬಿಟ್ಟರು. ಸಣ್ಣ ಮಾವ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಡೆದರು.

ನಮ್ಮ ಗಡಿಯಾಚೆ ಆಗ ಮುಂಬಯಿ ಪ್ರಾಂತ, ಈಚೆ ನಿಜಾಮರ ರಾಜ್ಯ, ನಡುವೆ ಸುಂಕದ ನಾಕಾ. ಹೊಲಕ್ಕೆ ಹೋದ ಓಣಿಯ ಹೆಂಗಸರು ನಾಕಾದ ಹಿಂದೆ ಕಿತ್ತೆಸೆದಿದ್ದ ನನ್ನ ಕೋಳಿಯ ಚುಕ್ಕಿ ಪುಕ್ಕ ನೋಡಿ ಬಂದು ಹೇಳಿದರು. ಅಂದಿನಿಂದ ಬೇರೆಯವರ ಗಾಡಿ ತಡೆದು ಚೀಲ ಚುಚ್ಚಿ ನೋಡುತ್ತಿದ್ದ ಜವಾನರು ಸಣ್ಣ ಮಾವನ ತೊಗರಿ ಗಾಡಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಸಣ್ಣ ಮಾವ ಮರಗಮ್ಮನನ್ನು ಮುಂದೆ ಮಾಡಿಕೊಂಡು ನನ್ನ ಕೋಳಿಯನ್ನು ನಾಕಾಕ್ಕೆ ನಜರಾನಾ ಕೊಟ್ಟು ಬಂದಿದ್ದರು. ಥೂ, ಕೊಡಬೇಕೆಂದಿದ್ದರೆ ಅವರ ಹಿತ್ತಲಲ್ಲಿ ಕೋಳಿಗಳಿರಲಿಲ್ಲವೇ?

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದೆನೇನೋ. ಆ ವರ್ಷವೇ ನಿಜಾಮರ ಆಳ್ವಿಕೆ ಹೋಯಿತು, ನಾಕಾ ಖಾಲಿಯಾಯಿತು. ಸಣ್ಣ ಮಾವ ಬಿಳಿ ಗಾಂಧಿ ಟೊಪ್ಪಿಗೆ ಹಾಕಿಕೊಂಡು ಚಾವಡಿಯಲ್ಲಿ ಕುಳಿತರು.

“ಬೇಕಂತನೇ ರೋಗದ ಕೋಳಿ ತಿನ್ಸೇನಿ ಅವರಿಗೆ. ಒಬ್ಬರೂ ಹಾಸಿಗಿ ಬಿಟ್ಟು ಏಳಲಿಲ್ಲ” ಎಂದು ಹೇಳುವುದು ನಮ್ಮ ಅಂಗಳದವರೆಗೂ ಕೇಳುತ್ತಿತ್ತು. ಜನ ಚಪ್ಪಾಳೆ ತಟ್ಟಿದರು, ಹಾರ ಹಾಕಿದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನಾನು ಕೈಯಾರೆ ಗುಣ ಮಾಡಿದ ಕೋಳಿ, ತಿಂದವರಿಗೆ ತೇಗು ಬಂದಿರಬೇಕೇ ಹೊರತು ಬೇರೇನೂ ಆಗಿರಲಾರದು.

ಚಾವಡಿಯಲ್ಲಿ ಅವರ ಫೋಟೋ ಈಗಲೂ ಇದೆ. ಧ್ವಜ ಏರಿಸುವ ದಿನ ಅದಕ್ಕೆ ಹಾರ ಬೀಳುತ್ತದೆ, ಎಲ್ಲರೂ ಕೈ ಮುಗಿಯುತ್ತಾರೆ. ನಾನು ಆ ಕಡೆ ಹೋಗುವುದೂ ಇಲ್ಲ, ಮುಗಿಯುವುದೂ ಇಲ್ಲ. ಮಂಡಿ ನೋವು, ಬರಲಾರಳು ಅಂದುಕೊಳ್ಳುತ್ತಾರೆ. ಕೋಳಿ ಕೊಟ್ಟ ಅವ್ವ ಇಲ್ಲ, ಬುಟ್ಟಿ ಎತ್ತಿದ ಅತ್ತೆಯೂ ಇಲ್ಲ... ಆ ಮುಂಜಾನೆಯ ತತ್ತಿಯನ್ನು ಕಂಡವಳು ನಾನೊಬ್ಬಳೇ ಉಳಿದಿದ್ದೇನೆ.

ಮೊಮ್ಮಗಳು ಒಳಗಿನಿಂದ, “ಕೂಸು ಹಾಲು ಕುಡೀತು ಆಯಿ. ಈಗ ಆರಾಮ ಅದ” ಅಂದಳು.

“ಹಂಗಾದ್ರ ಯಾರ ಕೈಯಾಗೂ ಕೊಡಬ್ಯಾಡ” ಅಂದೆ.