ಗಾಳಿತೂತಿಲ್ಲದ ಪೆಟ್ಟಿಗೆ

ಎಂಬತ್ತರ ದಶಕದಲ್ಲಿ ಹೊನ್ನಾಳಿಯ ಟ್ಯಾಕ್ಸಿಗಳಿಗೆಲ್ಲ ಸ್ಪೀಕರ್ ಪೆಟ್ಟಿಗೆ ಮಾಡಿಕೊಡುತ್ತಿದ್ದವರು ಒಬ್ಬ ರೇಡಿಯೋ ಮೆಕ್ಯಾನಿಕ್. ಯಾರೇ ಹೋದರೂ ಹಲಗೆಯನ್ನು ಬೆರಳಿನಿಂದ ತಟ್ಟುತ್ತಾ, "ಹಿಂದಿನ ಸೀಟಿನಾಗೆ ಯಾರು ಕೂರ್ತಾರ್ರೀ?" ಎಂದು ಕೇಳುತ್ತಿದ್ದರು.

ಟ್ಯಾಕ್ಸಿ ಓಡಿಸುತ್ತಿದ್ದ ನಾನು ಆ ಪ್ರಶ್ನೆಯನ್ನು ಕಿವಿಗೆ ಹಾಕಿಕೊಳ್ಳದೆ, "ಡೋಲಿನ ಏಟು ಜೋರಾಗಿ ಬರ್ಬೇಕು" ಎಂದು ಹಟ ಹಿಡಿದು, ಗಾಳಿಯಾಡಲು ತೂತು ಬಿಟ್ಟ ಪೆಟ್ಟಿಗೆಯನ್ನೇ ಡಿಕ್ಕಿಯಲ್ಲಿ ಕೂರಿಸಿಕೊಂಡೆ. ಬಾಣಂತನ ಮುಗಿದಿದ್ದ ತಂಗಿಯನ್ನು ಮರುದಿನ ಜಗಳೂರಿನ ಗಂಡನ ಮನೆಗೆ ಬಿಡಬೇಕಿತ್ತು. ಸಂಜೆ ಅವಳನ್ನೂ ಕೂಸನ್ನೂ ಒಂದು ಸುತ್ತು ಕರೆದೊಯ್ದು ಕ್ಯಾಸೆಟ್ ಹಾಕಿದೆ. ಆ ದಡದಡಕ್ಕೆ ಕೂಸು ಬೆಚ್ಚಿಬಿದ್ದು, ಉಸಿರುಗಟ್ಟುವಂತೆ ಅತ್ತಿತು.

"ನಿನ್ನ ಕಾರು ಬ್ಯಾಡಣ್ಣ, ಬಸ್ಸಿಗೇ ಹೋಗ್ತೀನಿ" ಎಂದಳು ತಂಗಿ.

ತಲೆ ತಗ್ಗಿಸಿಕೊಂಡು ಮೆಕ್ಯಾನಿಕ್ ಬಳಿ ಹೋದೆ. ಅವರು ನಗಲಿಲ್ಲ. ತೂತಿಗೆ ಹಲಗೆ ಮುಚ್ಚಿ, ಸ್ಕ್ರೂ ಬಿಗಿದು, ಸಂದಿಗೆಲ್ಲ ಅಂಟು ಮೆತ್ತಿ, ತಾವೇ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರು. ಒಂದು ಹಾಡು ಪೂರ್ತಿ ಕೇಳಿ, "ಈಗ ಗುದ್ದಲ್ಲ, ಹಾಡ್ತೈತೆ. ಕರ್ಕೊಂಡು ಹೋಗ್ರಿ" ಎಂದರು.

ತಂಗಿಯನ್ನು ಹೇಗೋ ಒಪ್ಪಿಸಿದೆ. ಮರುದಿನ ದಾರಿಯಲ್ಲಿ ಹೆದರುತ್ತಲೇ ಕ್ಯಾಸೆಟ್ ಹಾಕಿದೆ. ಅಳು ಕೇಳಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕೂಸು ಅವಳ ಮಡಿಲಲ್ಲಿ ಬಾಯಿ ತೆರೆದು ಮಲಗಿತ್ತು. ನನಗೆ ಹೋದ ಜೀವ ಬಂದಂತಾಯಿತು.

"ಸ್ವಲ್ಪ ಜೋರು ಮಾಡಣ್ಣ, ನಂಗೂ ಕೇಳ್ಲಿ" ಎಂದಳು ತಂಗಿ.