ಉಗುರಿನ ನೀಲಿ

ಅಕ್ಕನ ಬಲಗೈ ಹೆಬ್ಬೆರಳ ಉಗುರು ಸದಾ ನೀಲಿ. ಅದು ಬೇರಿಗೆ ಬಣ್ಣ ಹಿಡಿಸುವ ಶಾಯಿ. ಮೊಬೈಲು ಇನ್ನೂ ಸಾಹೇಬರ ಕಿಸೆಯಲ್ಲಷ್ಟೇ ಇದ್ದ ಕಾಲ. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ಆಕೆ ಸಹಾಯಕಿ, ಎಲ್ಲರ ಬಾಯಲ್ಲೂ ಅಕ್ಕ; ನಾನು ಎಂಎಸ್ಸಿ ಮುಗಿಸಿ ಬಂದ ಮೇಡಂ.

ಬ್ಯಾಡಗಿ ಮೆಣಸಿನ ಸಸಿಗಳಿಗೆ, ಬೇರಿನೊಡನೆ ಕೂಡಿ ಬದುಕುವ ಶಿಲೀಂಧ್ರ ಹಾಕಿ ಬೆಳೆಸುತ್ತಿದ್ದೆವು. ಅದು ಒಳಹೊಕ್ಕಿದೆಯೇ ಎಂದು ನೋಡಲು ಬೇರನ್ನು ಕ್ಷಾರದ ನೀರಿನಲ್ಲಿ ಕುದಿಸಿ, ತೊಳೆದು, ವಿನೆಗರ್ ಬೆರೆಸಿದ ಪೆನ್ನಿನ ಶಾಯಿ ಹಿಡಿಸಬೇಕು. ನಾನು ಗಡಿಯಾರ ನೋಡಿ ತೆಗೆದರೆ ಒಂದೋ ಹಸಿ, ಇಲ್ಲವೇ ಮುದ್ದೆ. ಆಕೆ ಬೇಳೆ ಬೆಂದಿದೆಯೇ ಎಂದು ನೋಡುವಂತೆ ಒಂದೆಳೆ ತೊಳೆದು ಉಗುರಿನಲ್ಲಿ ಒತ್ತಿ, "ಆತು, ತಗೀರಿ" ಅನ್ನುತ್ತಿದ್ದಳು. ಲ್ಯಾಬಿನ ಮುಖ್ಯಸ್ಥರಾದ ಸಾಹೇಬರು ಬಂದವರೇ, "ಅಕ್ಕಾರ ಸ್ಲೈಡ್ ಎಲ್ಲೈತಿ?" ಎಂದು ಕೇಳುತ್ತಿದ್ದರು. ನನ್ನ ಹೊಟ್ಟೆ ಉರಿದುಹೋಗುತ್ತಿತ್ತು.

ಓದಿನಲ್ಲಾದರೂ ಮೇಲಾಗೋಣವೆಂದು ಒಮ್ಮೆ ವಿವರಿಸಿದೆ: ಶಿಲೀಂಧ್ರ ಬಂದಲ್ಲಿ ಬೇರಿನ ಕೋಶ ತನ್ನ ಗೋಡೆ ಸಡಿಲಿಸಿ ದಾರಿ ಬಿಡುತ್ತದೆ, ಒಳಗೆ ಅದರ ಸುತ್ತ ತೆಳ್ಳನೆಯ ಹೊಸ ಪೊರೆ ಹೊದಿಸುತ್ತದೆ.

"ಅಂದ್ರ ಕಳ್ಳ ಹೊಕ್ಕಂಗಲ್ಲರಿ, ಬೀಗರು ಬಂದಂಗ. ಒಳಗ ಕರಕೊಂಡ್ರೂ ನಡುವ ಒಂದು ಪಡದಾ ಇರತೈತಿ" ಎಂದಳು. ನಾನು ನಾಲ್ಕು ಪುಟ ಓದಿಯೂ ಹಾಗೆ ಹೇಳಲಾರದವಳು. ಅದಕ್ಕೂ ಕರುಬಿದೆ.

ಕಂಪನಿಯ ಮಾಲೀಕರು ಬರುವ ದಿನ, ಅವರಿಗೆ ತೋರಿಸಬೇಕಾದ ಬೇರು ಕುದಿಯುತ್ತಿದ್ದಾಗಲೇ ಆಕೆಗೆ ಊರಿನಿಂದ ಫೋನು ಬಂತು. "ಹತ್ತು ನಿಮಿಷಕ್ಕ ತಗದಬಿಡ್ರಿ, ಮೇಡಂ" ಎಂದು ಆಫೀಸಿನತ್ತ ಓಡಿದಳು. ನಾನು ತೆಗೆಯಲಿಲ್ಲ. ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದೆ. ಬೇರುಗಳೆಲ್ಲ ಗಂಜಿಯಾದವು. ಮಾಲೀಕರೆದುರು ಸಾಹೇಬರು ರೇಗಿದಾಗ ಆಕೆ ನನ್ನತ್ತ ಒಮ್ಮೆ ನೋಡಿ, "ನಂದ ತಪ್ಪರಿ ಸಾಹೇಬರ, ಹೆಚ್ಚು ಕುದಿಸಿಬಿಟ್ಟೆ" ಎಂದಳು.

ಮರುದಿನ ನನ್ನ ಹೆಬ್ಬೆರಳು ಹಿಡಿದು ಬೇರಿನ ಮೇಲೆ ಒತ್ತಿಸಿದಳು. "ಇಷ್ಟ ಮೆತ್ತಗಾಗಬೇಕ್ರಿ. ಇದಕ್ಕೂ ಹೆಚ್ಚಾದ್ರ ಬೇರಿನ ಗ್ವಾಡಿನ ಉಳಿಯೂದಿಲ್ಲ." ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಕೆ ತೀರಿಕೊಂಡಾಗ ಆಕೆಯ ಊರು ಬ್ಯಾಡಗಿಗೆ ಹೋಗಿದ್ದೆ. ಕೆಲಸ ಬಿಟ್ಟು ವರ್ಷಗಳಾಗಿ ಉಗುರಿನ ನೀಲಿ ಪೂರ್ತಿ ಹೋಗಿತ್ತು. ಕಾಲು ಮುಟ್ಟಿ ತಪ್ಪು ಒಪ್ಪಿಕೊಂಡೆ, ಕೇಳಬೇಕಾದವಳಿಗೆ ಕೇಳಿಸಲಿಲ್ಲ.

ಈಗ ಹಾವೇರಿಯ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿಗಳು, "ಮೇಡಂ ಉಗುರು ಹಚ್ಚಿದ್ರ ಬೇರು ಕೆಡೂದಿಲ್ಲ" ಎನ್ನುತ್ತಾರೆ. ಅದು ಲ್ಯಾಬಿನ ಅಕ್ಕನೊಬ್ಬಳು ಕೊಟ್ಟ ವಿದ್ಯೆ ಎಂದು ಪ್ರತಿ ಸಲವೂ ಹೇಳುತ್ತೇನೆ. ಹೇಳುವಾಗ, ಸುಳ್ಳೇಕೆ, ಹೊಟ್ಟೆಯಲ್ಲಿ ಈಗಲೂ ಒಂದಿಷ್ಟು ಉರಿಯುತ್ತದೆ.