ತುರ್ತು ಅಂಕಣದಲ್ಲಿ ಮೆಟ್ಟಿಲು ಮೇಷ್ಟ್ರ ನಂಬರು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಪಾಸ್‌ಪೋರ್ಟ್ ಕಚೇರಿಯ ಕಬ್ಬಿಣದ ಬಾಗಿಲಿಗೆ ಬೀಗ ನೇತಾಡುತ್ತಿದೆ. ಕಚೇರಿಗೆ ಹತ್ತುವ ಹೊರಮೆಟ್ಟಿಲಿನ ಅಡಿ, ನಿಂತರೆ ತಲೆ ತಾಗುವ ಜಾಗದಲ್ಲಿ, ಅರವತ್ತೇಳರ ಮುದುಕರೊಬ್ಬರು ಬಗ್ಗಿ ಕಸ ಹೊಡೆಯುತ್ತಿದ್ದಾರೆ. ಕಸ ಹೊಡೆದಾದ ಮೇಲೆ ಮರದ ಪೆಟ್ಟಿಗೆ ಇಟ್ಟು, ಮೊಳೆಗೆ ಒಂದು ಅಂಗೈ ಅಗಲದ ಕನ್ನಡಿ ಸಿಕ್ಕಿಸಿ, ಪಕ್ಕದಲ್ಲಿ ಬಾಚಣಿಗೆ ತೂಗುಹಾಕುತ್ತಾರೆ. ಇನ್ನೊಂದು ಮೊಳೆಗೆ ಕಡುನೀಲಿ ತುಂಬುತೋಳಿನ ಅಂಗಿ. ಬಿಳಿ ಅಂಗಿ ತೊಟ್ಟು ಬಂದವರ ಫೋಟೊ ಬಿಳಿ ಗೋಡೆಯ ಎದುರು ಕರಗಿಹೋಗುತ್ತದೆಂದು ಒಳಗಿನವರು ತಕರಾರು ಮಾಡುತ್ತಾರೆ. ಅಂಥವರಿಗೆಂದು ಇಟ್ಟ ಈ ಅಂಗಿಯನ್ನು ತೊಟ್ಟು ಈ ಸೀಮೆಯ ನೂರಾರು ಗಂಡಸರು ಕಡಲು ದಾಟಿದ್ದಾರೆ.

ಎಲ್ಲ ಮುಗಿದ ಮೇಲೆ ಎದೆಯ ಜೇಬಿನಿಂದ ಹಳೆಯ ಫೋನು ಹೊರತೆಗೆದು, ಸದ್ದು ಪೂರ್ತಿ ಏರಿಸಿದೆಯೇ ಎಂದು ನೋಡಿ, ಪೆಟ್ಟಿಗೆಯ ಮೇಲೆ ಕಣ್ಣಿಗೆ ಕಾಣುವಂತೆ ಇಡುತ್ತಾರೆ. ಆಮೇಲೆಯೇ ಪೆನ್ನಿನ ಮುಚ್ಚಳ ತೆಗೆಯುವುದು.

ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಊರಿಗೆಲ್ಲ ‘ಮೆಟ್ಟಿಲು ಮೇಷ್ಟ್ರು’. ಕಲ್ಲು ಸಾಗಿಸುವ ಗಾಡಿಯವನ ಮಗ. ಹತ್ತನೆಯ ತರಗತಿ ಮುಗಿಸಿ ನ್ಯಾಯಾಲಯದಲ್ಲಿ ನಕಲು ಬರೆಯುವ ಕೆಲಸಕ್ಕೆ ಸೇರಿದ್ದರು. ನಕಲು ತೆಗೆಯುವ ಯಂತ್ರ ಬಂದ ದಿನವೇ ಆ ಕೆಲಸ ಹೋಯಿತು. ಉಳಿದದ್ದು ದುಂಡಗಿನ ಅಕ್ಷರ, ಕಚೇರಿ ಕಾಗದದ ಇಂಗ್ಲಿಷು. ಅವೆರಡನ್ನೇ ಹೊತ್ತು ಬಂದು ಈ ಮೆಟ್ಟಿಲಿನ ಕೆಳಗೆ ಕೂತರು. ಇಪ್ಪತ್ತೆರಡು ವರ್ಷವಾಯಿತು.

ಈಗ ಅರ್ಜಿಯೆಲ್ಲ ಕಂಪ್ಯೂಟರಿನಲ್ಲಿ. ಆದರೂ ಮೊದಲು ಮೇಷ್ಟ್ರ ಹತ್ತಿರ ಕಾಗದದ ಮೇಲೆ ಬರೆಸಿಕೊಂಡು, ಅದನ್ನು ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಕೊಟ್ಟರೆ ಮಾತ್ರ ಜನರಿಗೆ ಸಮಾಧಾನ. ದಿನಕ್ಕೆ ಹನ್ನೆರಡು, ಹೆಚ್ಚೆಂದರೆ ಹದಿನೈದು ಅರ್ಜಿ. ಅದಕ್ಕಿಂತ ಜಾಸ್ತಿ ಬರೆದರೆ ತಪ್ಪು ನುಸುಳುತ್ತದೆ ಎಂಬುದು ಅವರ ಲೆಕ್ಕ. ಇವತ್ತಿನ ಮೊದಲನೆಯವರು ಒಬ್ಬ ರೈತ. ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಹೊರದೇಶಕ್ಕೆ ಹೊರಟಿದ್ದಾರೆ. ಮೇಷ್ಟ್ರು ಅವರ ಕೈಗೆ ರದ್ದಿ ಕಾಗದ ಕೊಟ್ಟು ಸಹಿ ಅಭ್ಯಾಸ ಮಾಡಿಸುತ್ತಾರೆ.

“ಚೌಕದ ಒಳಗೇ ಇರ್ಬೇಕು ಯಜಮಾನ್ರೇ. ನಿಮ್ಮ ಸಹಿ ಬೇಲಿ ಹಾರ್ತಾ ಇದೆ.”

“ನಮ್ಮ ಎಮ್ಮೆ ಥರಾನೇ ಅದು. ಕಟ್ಟಿದ ಕಡೆ ನಿಲ್ಲಲ್ಲ.”

“ಎಮ್ಮೆ ಹಾರಿದ್ರೆ ಪಕ್ಕದ ಹೊಲ. ಇದು ಹಾರಿದ್ರೆ ಅರ್ಜಿ ವಾಪಸ್ಸು, ಇನ್ನೊಂದು ತಿಂಗಳು. ಅಷ್ಟರಲ್ಲಿ ಮೊಮ್ಮಗು ನಡಿಯೋಕೆ ಶುರು ಮಾಡಿರ್ತದೆ.”

ನಾಲ್ಕನೆಯ ಸಲಕ್ಕೆ ಸಹಿ ಚೌಕದೊಳಗೆ ಕೂರುತ್ತದೆ. ಅರ್ಜಿಯ ಕೊನೆಯ ಹಾಳೆಯಲ್ಲಿ ಒಂದು ಅಂಕಣ ಉಳಿದಿದೆ: ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು. ರೈತ ತಮ್ಮನ ನಂಬರು ಹೇಳುತ್ತಾರೆ. ಮೇಷ್ಟ್ರು ಅದನ್ನು ಎರಡು ಸಲ ಓದಿ ಹೇಳಿ, ಅಲ್ಲಿಯೇ ಆ ತಮ್ಮನಿಗೆ ಫೋನು ಹಚ್ಚಿಸಿ, ಹೌದೆಂದು ಖಾತ್ರಿಯಾದ ಮೇಲೆಯೇ ಬರೆಯುತ್ತಾರೆ.

ಈ ಅಂಕಣವೇ ಮೇಷ್ಟ್ರ ಬದುಕನ್ನು ತಿಂದದ್ದು.

ಕೂತ ಮೊದಲ ವರ್ಷದ ಮಾತು. ಕಚೇರಿ ಮುಚ್ಚಲು ಐದು ನಿಮಿಷವಿದೆ ಎನ್ನುವಾಗ ಗಾರೆ ಕೆಲಸದವನೊಬ್ಬ ಒಳಗಿನಿಂದ ಅರ್ಜಿ ಹಿಡಿದು ಓಡಿಬಂದ. ಆ ಒಂದು ಅಂಕಣ ಖಾಲಿ ಇದೆಯೆಂದು ಗುಮಾಸ್ತರು ತಿರುಗಿಸಿ ಕಳಿಸಿದ್ದರು. ಅವನ ಹಳ್ಳಿಯಲ್ಲಿ ಒಬ್ಬರ ಮನೆಯಲ್ಲೂ ಫೋನಿಲ್ಲ. ಮೇಷ್ಟ್ರು ಆಗಷ್ಟೇ ಫೋನು ಕೊಂಡಿದ್ದರು. ತಮ್ಮ ನಂಬರನ್ನೇ ಬರೆದು, ಸಂಬಂಧ ಎಂಬಲ್ಲಿ ‘ಮಾವ’ ಎಂದು ತುಂಬಿದರು. ಅರ್ಜಿ ಪಾಸಾಯಿತು. ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತು. ‘ನಿಮ್ಮ ನಂಬರೇ ಹಾಕ್ಬಿಡಿ ಮೇಷ್ಟ್ರೇ’ ಎಂದು ಬಂದವರಿಗೆ ಇವರು ಇಲ್ಲ ಅನ್ನಲಿಲ್ಲ. ಹಾಗೆ ಮುನ್ನೂರ ಹನ್ನೆರಡು ಮಂದಿಗೆ ಮಾವನೋ ಅಣ್ಣನೋ ಚಿಕ್ಕಪ್ಪನೋ ಆದರು. ಪ್ರತಿಯೊಬ್ಬರ ಹೆಸರು, ಹಳ್ಳಿ, ಮನೆಯ ಗುರುತು ಉದ್ದನೆಯ ಪುಸ್ತಕವೊಂದರಲ್ಲಿದೆ.

“ಬರಿಯೋವಾಗ ಅದು ಬರೀ ಒಂದು ಖಾಲಿ ಜಾಗ. ಅಲ್ಲಿಂದ ಒಂದು ದಿನ ಫೋನ್ ಬರ್ತದೆ ಅಂತ ಯಾರಿಗೆ ಹೊಳೀತು?” ಎನ್ನುತ್ತಾರೆ.

ಎರಡನೆಯ ವರ್ಷ ಮೊದಲ ಕರೆ ಬಂತು. ಇಷ್ಟು ವರ್ಷಗಳಲ್ಲಿ ಒಟ್ಟು ಹತ್ತೊಂಬತ್ತು. ಅದರಲ್ಲಿ ಹದಿನಾರು ಸಾವಿನವು. ಯಾವುದೋ ದೇಶದ ಆಸ್ಪತ್ರೆಯಿಂದ, ಕಂಪನಿಯಿಂದ, ಗುರುತಿಲ್ಲದ ದನಿಯೊಂದು ಇಂಗ್ಲಿಷಿನಲ್ಲಿ ಹೆಸರು ಹೇಳುತ್ತದೆ. ನೀವು ಮಾವನೇ ಎಂದು ಕೇಳುತ್ತದೆ. ಹೌದು ಅನ್ನಬೇಕು. ಪುಸ್ತಕ ತೆಗೆದು ಮನೆಯ ಗುರುತು ನೋಡಿಕೊಂಡು ಸೈಕಲ್ ಹತ್ತಬೇಕು.

ಐದನೆಯ ಕರೆಯ ಬಗ್ಗೆ ಮೇಷ್ಟ್ರು ತಾವಾಗಿ ಹೇಳುವುದಿಲ್ಲ. ಹೇಳತೊಡಗಿದರೆ ನೆಲ ನೋಡಿಕೊಂಡು ಹೇಳುತ್ತಾರೆ. ವೆಲ್ಡಿಂಗ್ ಮಾಡುವವನೊಬ್ಬ ಎತ್ತರದಿಂದ ಬಿದ್ದು ಸತ್ತಿದ್ದ. ದೇಹ ಕಳಿಸಬೇಕೋ ಅಲ್ಲೇ ಮಣ್ಣು ಮಾಡಬೇಕೋ ಎರಡು ದಿನದೊಳಗೆ ತಿಳಿಸಿ ಎಂದಿದ್ದರು. ಇವರು ಅವನ ಮನೆಗೆ ಹೋದಾಗ ಅಲ್ಲಿ ತಾರಸಿ ಹಾಕುವ ಕೆಲಸ ನಡೆದಿತ್ತು. ಸಾಲಾಗಿ ನಿಂತು ಜನ ಬಾಂಡಲಿ ಕೈ ದಾಟಿಸುತ್ತಿದ್ದರು. ಅವನ ಹೆಂಡತಿ ಮೊಣಕೈವರೆಗೆ ಸಿಮೆಂಟು ಬಳಿದುಕೊಂಡೇ ಬಂದು, “ಅವರಿಗೆ ಫೋನ್ ಸಿಕ್ಕಿದ್ರೆ ಹೇಳಿ ಮೇಷ್ಟ್ರೇ, ಸಾಯಂಕಾಲದೊಳಗೆ ಸೂರು ಬಿತ್ತು ಅಂತ” ಎಂದಳು. ಮೇಷ್ಟ್ರು ನೀರು ಕುಡಿದು ವಾಪಸು ಬಂದರು. ಮಾರನೆಯ ದಿನ ಮತ್ತೆ ಹೋದರು. ಅವಳು ಹೊಸ ತಾರಸಿಯ ಮೇಲೆ ಕೊಡಪಾನದಲ್ಲಿ ನೀರು ಹುಯ್ಯುತ್ತಿದ್ದಳು. ಅಂದೂ ಬಾಯಿ ಬರಲಿಲ್ಲ. ಮೂರನೆಯ ದಿನ ಹೇಳಿದರು. ಅಷ್ಟರಲ್ಲಿ ಗಡುವು ಮೀರಿ ಅವನನ್ನು ಅಲ್ಲಿಯೇ ಮಣ್ಣು ಮಾಡಿಯಾಗಿತ್ತು.

“ಬೈಲಿಲ್ಲ ಆ ತಾಯಿ. ಮೂರು ದಿನ ನಿಮ್ಮ ಗಂಟಲಲ್ಲಿ ಊಟ ಇಳೀತಾ ಅಂತ ಕೇಳಿದ್ಲು ಅಷ್ಟೆ. ನಾನು ಇಳೀತು ಅಂದೆ. ಸುಳ್ಳು ಹೇಳೋಕೆ ಆಗ್ಲಿಲ್ಲ.”

ಅಂದಿನಿಂದ ಎರಡು ನೇಮ. ಕರೆ ಬಂದರೆ ಅರ್ಧ ಬರೆದ ಅರ್ಜಿಯನ್ನೂ ಅಲ್ಲಿಯೇ ಬಿಟ್ಟು ಏಳುವುದು. ಹೊಸಬರಲ್ಲಿ ಬೇರೆ ದಿಕ್ಕಿಲ್ಲದವರಿಗೆ ಮಾತ್ರ ತಮ್ಮ ನಂಬರು ಬರೆದು, ಹಳಬರು ಪಾಸ್‌ಪೋರ್ಟ್ ನವೀಕರಣಕ್ಕೆ ಬಂದಾಗಲೆಲ್ಲ ತಮ್ಮ ನಂಬರು ತೆಗೆಸಿ ಸ್ವಂತ ಬಂಧುವಿನ ನಂಬರು ಹಾಕಿಸುವುದು. ಪಾಸ್‌ಪೋರ್ಟಿಗೆ ಹತ್ತು ವರ್ಷದ ಆಯಸ್ಸು. ಹಾಗಾಗಿ ಪುಸ್ತಕದ ಹೆಸರುಗಳು ಒಂದೊಂದಾಗಿ ಅಳಿಯುತ್ತ ಬಂದಿವೆ. ಈಗ ಉಳಿದಿರುವುದು ನಲವತ್ತೊಂದು.

ಆದರೆ ಮೇಷ್ಟ್ರ ಕಿವಿ ಅಷ್ಟು ದಿನ ಕಾಯುವಂತಿಲ್ಲ. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೂ ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಹೋದ ವರ್ಷ ಒಂದು ಕರೆ ಬಂದಾಗ ಆಸ್ಪತ್ರೆ ಎಂಬುದೊಂದು ಬಿಟ್ಟರೆ ಹೆಸರು ತಿಳಿಯಲಿಲ್ಲ. ಫೋನು ಕಡಿದುಹೋಯಿತು. ಆ ನಂಬರಿಗೆ ಎಷ್ಟು ಹಚ್ಚಿದರೂ ಯಾರೂ ಎತ್ತಲಿಲ್ಲ. ಮೇಷ್ಟ್ರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ನಾಲ್ಕು ದಿನ ಬಸ್ಸು ಹತ್ತಿ ಇಳಿದು ಮನೆಮನೆ ತಿರುಗಿದರು. ‘ಈ ಕಡೆ ಬಂದಿದ್ದೆ, ನಿಮ್ಮ ಹುಡುಗ ಫೋನ್ ಮಾಡಿದ್ನಾ’ ಎಂದು ಸುಮ್ಮನೆ ಕೇಳುವವರಂತೆ ಕೇಳುತ್ತಿದ್ದರು. ನಿನ್ನೆ ಮಾಡಿದ್ದ ಎಂದರೆ ಜೀವ ಬಂದಂತಾಗುತ್ತಿತ್ತು. ಇಲ್ಲ ಎಂದರೆ ಆ ಮನೆಯವರ ಮುಖ ನೋಡಲಾಗುತ್ತಿರಲಿಲ್ಲ. ಐದನೆಯ ದಿನ ಆಸ್ಪತ್ರೆಯವರೇ ಮತ್ತೆ ಮಾಡಿದರು. ಎದುರಿನ ಕಂಪ್ಯೂಟರ್ ಅಂಗಡಿಯವಳು ಫೋನು ಹಿಡಿದು ಕೇಳಿಸಿಕೊಂಡಳು. ಅಡುಗೆ ಕೆಲಸದವನೊಬ್ಬನ ಕಾಲು ಮುರಿದಿತ್ತು, ಅಷ್ಟೆ.

“ಕಾಲು ಮುರೀತು ಅಂತ ಕೇಳಿ ಕುಣಿದಾಡೋ ಗಂಡಸನ್ನ ನಾನು ಇವರೊಬ್ಬರನ್ನೇ ನೋಡಿದ್ದು,” ಎಂದು ಈಗಲೂ ಮೇಷ್ಟ್ರ ಹೆಂಡತಿ ಆಡಿಕೊಳ್ಳುತ್ತಾರೆ.

ಇವತ್ತು ಮಧ್ಯಾಹ್ನದ ಹೊತ್ತಿಗೆ ಬಂದು ಕೂತವಳು ಆ ನಲವತ್ತೊಂದರಲ್ಲಿ ಒಬ್ಬಳು. ನಲವತ್ತು ದಾಟಿದ ಹೆಂಗಸು. ಹೊರದೇಶದ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುತ್ತಾಳೆ. ಹೋಗಿ ಹತ್ತು ವರ್ಷವಾಗುತ್ತ ಬಂತು. ರಜೆ ಮುಗಿಯುವುದರೊಳಗೆ ಪಾಸ್‌ಪೋರ್ಟ್ ನವೀಕರಣವಾಗಬೇಕು. ಮೇಷ್ಟ್ರು ಕೊನೆಯ ಹಾಳೆಗೆ ಬರುತ್ತಾರೆ.

“ಇಲ್ಲಿ ಯಾರ ನಂಬರು ಬರೀಲಿ ತಾಯಿ?”

“ಇದ್ದದ್ದೇ ಇರ್ಲಿ ಮೇಷ್ಟ್ರೇ. ನಿಮ್ಮದೇ.”

“ನನ್ನದು ಬೇಡ. ನಿನ್ನ ಅಣ್ಣಂದು ಹೇಳು.”

“ಗಂಡನ್ನ ಬಿಟ್ಟು ಬಂದಾಗ ನಾನು ಸತ್ತೆ ಅಂತ ಸ್ನಾನ ಮಾಡಿದವನು ಅವನು. ಇನ್ನೊಂದ್ಸಲ ಸತ್ತೆ ಅಂತ ಅವನಿಗೆ ಯಾಕೆ ಹೇಳ್ಬೇಕು?”

“ನನ್ನ ಕಿವಿ ಹೋಗಿದೆ. ನೀನು ಹೇಳಿದ್ದು ಅರ್ಧ ತುಟಿ ನೋಡಿ ತಿಳ್ಕೊಳ್ತಾ ಇದೀನಿ. ಫೋನಲ್ಲಿ ತುಟಿ ಕಾಣ್ತದಾ?”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ, “ಅಲ್ಲಿ ನಾನು ಹೋಗಿಬಿಟ್ರೆ, ಇವಳೊಬ್ಬಳಿದ್ಲು ಅಂತ ಇಲ್ಲಿ ಒಬ್ಬರಿಗಾದ್ರೂ ಗೊತ್ತಾಗ್ಬೇಕಲ್ಲ ಮೇಷ್ಟ್ರೇ. ಅತ್ತರೆ ಅಳ್ಲಿ, ಬಿಟ್ಟರೆ ಬಿಡ್ಲಿ” ಎನ್ನುತ್ತಾಳೆ. ಮೇಷ್ಟ್ರ ಪೆನ್ನು ಹಾಳೆಯ ಮೇಲೆಯೇ ನಿಂತುಬಿಟ್ಟಿದೆ. ತಮ್ಮ ನಂಬರು ಬರೆದರೆ ಈ ಕಿವಿ ಮೋಸ ಮಾಡುತ್ತದೆ. ಬರೆಯದಿದ್ದರೆ ಅರ್ಜಿ ಮೇಲೆ ಹತ್ತುವುದಿಲ್ಲ.

ಊಟದ ಡಬ್ಬಿ ತಂದ ಮೇಷ್ಟ್ರ ಹೆಂಡತಿ ಮೆಟ್ಟಿಲ ಬದಿಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಇಪ್ಪತ್ತೆರಡು ವರ್ಷ ಆ ಫೋನನ್ನು ಸವತಿ ಎಂದು ಕರೆದವರು. ಅದಕ್ಕೆ ಸಿಗ್ನಲ್ ಸಿಗದ ಕಡೆಗೆ ಗಂಡ ಹೊರಡುವುದಿಲ್ಲವೆಂದು ತಂಗಿಯ ಮಗಳ ಮದುವೆಗೂ ಒಬ್ಬರೇ ಹೋಗಿಬಂದವರು.

“ನಂದು ಬರೀರಿ,” ಎನ್ನುತ್ತಾರೆ.

ಮೇಷ್ಟ್ರಿಗೆ ಕೇಳಿಸುವುದಿಲ್ಲ. ಆಕೆ ಎದುರು ಬಂದು ಕೂತು ಮತ್ತೆ ಹೇಳುತ್ತಾರೆ. “ನನ್ನ ನಂಬರು ಬರೀರಿ. ಮಗಳು ಕೊಡಿಸಿದ ಫೋನು ಸುಮ್ನೆ ಗೂಟಕ್ಕೆ ನೇತಾಡ್ತಿದೆ.”

“ನಿಂಗೆ ಅವರ ಭಾಷೆ ಎಲ್ಲಿ ಬರ್ತದೆ?”

“ಭಾಷೆ ಬರ್ದಿದ್ರೆ ಏನು? ಹೆಸರು ತಿಳಿದ್ರೆ ಸಾಕಲ್ಲ. ಫೋನನ್ನ ಕಂಪ್ಯೂಟರ್ ಅಂಗಡಿಯವಳ ಕೈಗೆ ಕೊಡ್ತೀನಿ. ಏನಮ್ಮ, ಅಲ್ಲಿ ನಿನ್ನ ಹೆಸರನ್ನ ಹೆಂಗೆ ಕೂಗ್ತಾರೆ?”

ಹೆಂಗಸು ನಾಚಿಕೊಂಡು ತನ್ನ ಹೆಸರನ್ನು ಅಲ್ಲಿಯವರ ಹಾಗೆ ಮುರಿದು ಹೇಳುತ್ತಾಳೆ. ಮೇಷ್ಟ್ರ ಹೆಂಡತಿ ಅದನ್ನು ಬಾಯಲ್ಲಿ ಹೊರಳಿಸಿ ನೋಡುತ್ತಾರೆ. “ಅಯ್ಯೋ, ಇಷ್ಟು ಚಂದದ ಹೆಸರನ್ನ ಹೀಗಾ ಅಗಿಯೋದು?” ಇಬ್ಬರೂ ನಗುತ್ತಾರೆ. ನಾಲ್ಕಾರು ಸಲ ಹೇಳಿ ಹೇಳಿ ಹೆಸರು ಬಾಯಿಗೆ ಕೂರುತ್ತದೆ. ಅಷ್ಟರಲ್ಲಿ ಹೆಂಗಸಿನ ಕಣ್ಣು ತುಂಬಿಬಿಟ್ಟಿದೆ. ಹತ್ತು ವರ್ಷದಲ್ಲಿ ಅವಳ ಹೆಸರನ್ನು ಇಷ್ಟು ಸಲ ಯಾರೂ ಕರೆದಿರಲಿಕ್ಕಿಲ್ಲ.

ಅಕ್ಷರ ಬಾರದ ಮೇಷ್ಟ್ರ ಹೆಂಡತಿ ತಮ್ಮ ನಂಬರಿನ ಹತ್ತು ಅಂಕಿಗಳನ್ನು ಒಂದೂ ತಪ್ಪದೆ ಹೇಳುತ್ತಾರೆ. ಮೇಷ್ಟ್ರು ತುಟಿ ನೋಡಿ ಬರೆದುಕೊಳ್ಳುತ್ತಾರೆ. ಸಂಬಂಧ ಎಂಬಲ್ಲಿ ಪೆನ್ನು ಮತ್ತೆ ನಿಲ್ಲುತ್ತದೆ.

“ಅಕ್ಕ ಅಂತ ಹಾಕ್ರಿ,” ಎಂದು ಹೆಂಡತಿ ಆ ಹೆಂಗಸಿನ ಕಡೆ ತಿರುಗುತ್ತಾರೆ. “ನಿನ್ನಣ್ಣನ ಮನೆ ಗುರುತೂ ಬರೆಸಿ ಹೋಗು. ಅವನು ಬಾಗಿಲು ತೆಗೀಲಿ ಬಿಡ್ಲಿ, ಹೊರಗೆ ನಿಂತಾದ್ರೂ ಹೇಳಿ ಬರ್ತೀನಿ. ಅವತ್ತೇ ಹೇಳ್ತೀನಿ. ನಮ್ಮ ಮನೇಲಿ ಯಾರ ಸಾವನ್ನೂ ಇನ್ನು ಮೂರು ದಿನ ಇಟ್ಕೊಳ್ಳಲ್ಲ.”

ಮೇಷ್ಟ್ರು ತಲೆ ಎತ್ತುವುದಿಲ್ಲ. ಹೆಂಡತಿಯ ತುಟಿಯಿಂದ ಆ ಮಾತನ್ನು ಓದಿಕೊಂಡರೋ ಇಲ್ಲವೋ, ಹಾಳೆಯ ಮೇಲೆ ಒಣಗದ ಶಾಯಿಯನ್ನು ಬಹಳ ಹೊತ್ತು ಊದುತ್ತಾರೆ.

ಹೆಂಗಸು ಅರ್ಜಿ ಹಿಡಿದು ಎದುರಂಗಡಿಗೆ ಹೋಗುತ್ತಾಳೆ. ಮೇಷ್ಟ್ರು ಉದ್ದನೆಯ ಪುಸ್ತಕ ತೆಗೆದು ಅವಳ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ.

“ನಲವತ್ತು,” ಎನ್ನುತ್ತಾರೆ.

“ಕಡಿಮೆ ಎಲ್ಲಾಯ್ತು? ಮನೇಲೇ ಉಳೀತು,” ಎಂದು ಹೆಂಡತಿ ಡಬ್ಬಿ ಬಿಚ್ಚುತ್ತಾರೆ.

ಇನ್ನೇನು ಆಸೆ ಎಂದು ಕೇಳಿದರೆ ಮೇಷ್ಟ್ರಿಗೆ ಪ್ರಶ್ನೆಯನ್ನು ಎರಡು ಸಲ ಹೇಳಬೇಕಾಗುತ್ತದೆ. ತುತ್ತು ನುಂಗಿ, ಕೈ ತಟ್ಟೆಯಲ್ಲೇ ಇಟ್ಟುಕೊಂಡು ಯೋಚಿಸುತ್ತಾರೆ.

“ಇಷ್ಟು ವರ್ಷ ಆ ನಂಬರಿಗೆ ಬಂದದ್ದೆಲ್ಲ ಆಸ್ಪತ್ರೆಯವರು, ಕಂಪನಿಯವರು. ಹೋದವರು ಒಬ್ಬರೂ ಮಾಡ್ಲಿಲ್ಲ. ಮಾಡೋಕೆ ಕಾರಣ ಇಲ್ಲ, ಚೆನ್ನಾಗಿದ್ದಾರೆ ಅಂತಲೇ ಅರ್ಥ, ನಂಗೂ ಗೊತ್ತು. ಆದ್ರೂ ಈ ಬಲಗಿವಿ ಇರೋದ್ರೊಳಗೆ ಯಾರಾದ್ರೂ ಒಬ್ಬರು ಸುಮ್ನೆ ಫೋನ್ ಮಾಡಿ, ಮಾವ, ಊಟ ಆಯ್ತಾ ಅಂತ ಕೇಳ್ಬೇಕು.”